ಬದಲಾದ ಹೆಸರುಗಳು: ನಮ್ಮ ಕಡೆಯ ರೇಡಿಯೊ, ಟಿ.ವಿ. ಚರಿತ್ರೆಯ ಒಂದು ಪುಟ

ನಮ್ಮ ಕಳಸ, ಮೂಡಿಗೆರೆ ಕಡೆ ಕಾಫಿ ತೋಟಗಳು ಕೈ ಬದಲಾಯಿಸುವುದು ಹೊಸ ಸಂಗತಿಯೇನಲ್ಲ. ಹೊಸ ಸಾಹುಕಾರರು ಬರುತ್ತಾರೆ, ಗೇಟಿಗೆ ಹೊಸ ಬೋರ್ಡು ಹಾಕಿಸುತ್ತಾರೆ, ಜೀಪಿಗೆ ಹೊಸ ಹೆಸರು ಬರೆಸುತ್ತಾರೆ. ಆದರೆ ಲೈನಿನ ಜನ, ರೈಟರು, ಬಸ್ಸಿನ ಕಂಡಕ್ಟರು ಮಾತ್ರ ಇಪ್ಪತ್ತು ವರ್ಷ ಕಳೆದರೂ ಹಳೆಯ ಹೆಸರನ್ನೇ ಹೇಳುತ್ತಿರುತ್ತಾರೆ. ಟಿ.ವಿ. ಚಾನೆಲ್ಲುಗಳ ವಿಷಯದಲ್ಲೂ ಹೀಗೇ ಆಗಿದೆ. ‘ಈಟಿವಿ ಕನ್ನಡ’ ಎಂಬ ಹೆಸರು ಪರದೆಯಿಂದ ಹೋಗಿದ್ದು 2015ರ ಏಪ್ರಿಲ್‌ನಲ್ಲಿ. ನಮ್ಮ ಮನೆಗಳ ಹಿರಿಯರು ಇವತ್ತಿಗೂ ಸಂಜೆ ಏಳಕ್ಕೆ ಮೊಮ್ಮಕ್ಕಳಿಗೆ ಹೇಳುವುದು “ಈಟಿವಿ ಹಾಕು” ಎಂದೇ. ಮೊಮ್ಮಕ್ಕಳು ಕಲರ್ಸ್ ಹಾಕುತ್ತಾರೆ. ಇಬ್ಬರಿಗೂ ತಕರಾರಿಲ್ಲ.

ಸುವರ್ಣ ಮಹೋತ್ಸವದ ಸಂಚಿಕೆಗೆ ಊರಿನ ಚರಿತ್ರೆಯ ಬಗ್ಗೆ ಬರೆಯಬೇಕೆಂದಾಗ ದೇವಸ್ಥಾನ, ಶಾಸನ, ಕಾಫಿ ಬಂದ ಬಗೆ ಇವೆಲ್ಲ ನೆನಪಿಗೆ ಬರುವುದು ಸಹಜ. ಅವನ್ನು ಬರೆಯಬಲ್ಲವರು ನನಗಿಂತ ತಿಳಿದವರು ಇದ್ದಾರೆ. ನಾನು ಆರಿಸಿಕೊಂಡದ್ದು ಸಣ್ಣ ವಿಷಯ. ಈ ಐವತ್ತು ವರ್ಷಗಳಲ್ಲಿ ದೂರದಿಂದ ನಮ್ಮ ಮನೆಗಳ ಒಳಗೆ ಬಂದ ದನಿಗಳು ಯಾರವು, ಅವುಗಳ ಹೆಸರು ಏಕೆ ಬದಲಾಯಿತು, ಅವುಗಳಲ್ಲಿ ನಮ್ಮ ಊರಿನ ದನಿ ಎಲ್ಲಾದರೂ ಇತ್ತೇ ಎಂಬುದು.

ಮೊದಲು ರೇಡಿಯೊ. ಇಲ್ಲಿ ಒಂದು ಹೆಸರಿನ ಕಥೆ ಇದೆ, ಅದು ಕನ್ನಡಿಗರೆಲ್ಲ ಹೆಮ್ಮೆಪಡಬೇಕಾದದ್ದು. 1935ರ ಸೆಪ್ಟೆಂಬರ್ 10ರಂದು ಮೈಸೂರಿನಲ್ಲಿ ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ 30 ವ್ಯಾಟ್‌ನ ಪುಟ್ಟ ಪ್ರೇಷಕ ಇಟ್ಟುಕೊಂಡು ಬಾನುಲಿ ಕೇಂದ್ರವೊಂದನ್ನು ಶುರುಮಾಡಿದರು. ನಮ್ಮ ಮನೆಯ ಒಂದು ಬಲ್ಬಿಗೆ ಬೇಕಾದಷ್ಟು ವಿದ್ಯುತ್ತು, ಅಷ್ಟೇ. ಆ ಕೇಂದ್ರಕ್ಕೆ ಇಟ್ಟ ಹೆಸರು ‘ಆಕಾಶವಾಣಿ’. ಮುಂದೆ ಮೈಸೂರು ಸಂಸ್ಥಾನ ಅದನ್ನು ವಹಿಸಿಕೊಂಡಿತು. 1950ರಲ್ಲಿ ಅದು ಕೇಂದ್ರ ಸರ್ಕಾರದ ಆಲ್ ಇಂಡಿಯಾ ರೇಡಿಯೊ ಒಳಗೆ ಸೇರಿಹೋಯಿತು. 1955ರಲ್ಲಿ ಕೇಂದ್ರವೇ ಬೆಂಗಳೂರಿಗೆ ಹೋಯಿತು. ಮೈಸೂರಿಗೆ ಮತ್ತೆ ತನ್ನದೇ ಕೇಂದ್ರ ಸಿಕ್ಕಿದ್ದು 1974ರಲ್ಲಿ.

ಊರಿನ ಕೇಂದ್ರ ದೊಡ್ಡ ಜಾಲಕ್ಕೆ ಸೇರಿದರೆ ಅದರ ಹೆಸರು ಅಳಿದು ಜಾಲದ ಹೆಸರು ಉಳಿಯುವುದು ಲೋಕರೂಢಿ. ಇಲ್ಲಿ ಆದದ್ದು ತಿರುವುಮುರುವು. 1957ರಲ್ಲಿ ಆಲ್ ಇಂಡಿಯಾ ರೇಡಿಯೊ ತಾನೇ ‘ಆಕಾಶವಾಣಿ’ ಎಂಬ ಹೆಸರನ್ನು ಇಟ್ಟುಕೊಂಡಿತು. ಮೈಸೂರಿನ ಒಂದು ಮನೆಯ ಹೆಸರು ಇಡೀ ದೇಶದ್ದಾಯಿತು. 2023ರ ಮೇ ತಿಂಗಳಲ್ಲಂತೂ ಪ್ರಸಾರ ಭಾರತಿ ಇನ್ನು ಮುಂದೆ ಇಂಗ್ಲಿಷಿನಲ್ಲೂ ಆಲ್ ಇಂಡಿಯಾ ರೇಡಿಯೊ ಎನ್ನಬಾರದು, ಆಕಾಶವಾಣಿ ಎಂದೇ ಹೇಳಬೇಕು ಎಂದು ತೀರ್ಮಾನಿಸಿತು. ಹೆಸರು ಗೆದ್ದಿತು. ಆ ಹೆಸರಿಟ್ಟ ಕೇಂದ್ರ ಮಾತ್ರ ಸುಮಾರು ಇಪ್ಪತ್ತು ವರ್ಷ ತನ್ನ ಊರಿನಲ್ಲೇ ಇರಲಿಲ್ಲ.

ನಮ್ಮ ಗುಡ್ಡಗಳಿಗೆ ಹತ್ತಿರದ ಆಕಾಶವಾಣಿ ಎಂದರೆ ಭದ್ರಾವತಿ, 1965ರಲ್ಲಿ ಶುರುವಾದದ್ದು. ಘಟ್ಟದ ಅಂಚಿನವರಿಗೆ 1976ರಿಂದ ಮಂಗಳೂರು ಕೇಂದ್ರವೂ ಸಿಗತೊಡಗಿತು. ಕಣದಲ್ಲಿ ಕಾಫಿ ಹರಡಿಕೊಂಡು ಕೂತವರ ಪಕ್ಕದಲ್ಲಿ ಟ್ರಾನ್ಸಿಸ್ಟರು, ಅದರಲ್ಲಿ ಕೃಷಿರಂಗವೋ ಪ್ರದೇಶ ಸಮಾಚಾರವೋ. ಭದ್ರಾವತಿ ನಮ್ಮ ಜಿಲ್ಲೆಯದ್ದಲ್ಲ, ನಮ್ಮ ಊರಿನದ್ದಂತೂ ಅಲ್ಲ. ಆದರೂ ಅಲ್ಲಿ ಮಾತಾಡುವವರಿಗೆ ಅಡಿಕೆಯ ಕೊಳೆರೋಗ ಎಂದರೆ ಏನು, ಪುಷ್ಯ ಮಳೆ ಎಂದರೆ ಏನು ಎಂದು ಬಿಡಿಸಿ ಹೇಳಬೇಕಾಗಿರಲಿಲ್ಲ. ಮಲೆನಾಡಿಗೆ ‘ಸ್ಥಳೀಯ ಕೇಂದ್ರ’ ಎಂದು ಹೇಳಿಕೊಳ್ಳಲು ಅತಿ ಹತ್ತಿರ ಬಂದದ್ದು ಅದೇ ಎಂದು ನನ್ನ ಅಭಿಪ್ರಾಯ.

ಇನ್ನು ಟಿ.ವಿ. ನಮ್ಮ ಶಾಲೆಯ ಬಾಗಿಲು ತೆರೆದ ಕಾಲದಲ್ಲಿ ಈ ಕಡೆ ಯಾರೂ ಟಿ.ವಿ. ಕಂಡವರಲ್ಲ. ಕರ್ನಾಟಕದಲ್ಲಿ ಮೊದಲು ಟಿ.ವಿ. ನೋಡಿದ್ದು ಬೆಂಗಳೂರಿನವರು ಎಂದು ನಾವೆಲ್ಲ ತಿಳಿದಿದ್ದೇವೆ, ಅದು ಸರಿಯಲ್ಲ. 1975ರ ಆಗಸ್ಟ್‌ನಿಂದ 1976ರ ಜುಲೈ ತನಕ ಒಂದು ವರ್ಷ, ಅಮೆರಿಕದ ನಾಸಾದಿಂದ ಎರವಲು ಪಡೆದ ಉಪಗ್ರಹದ ಮೂಲಕ ದೇಶದ ಆರು ರಾಜ್ಯಗಳ 2400 ಹಳ್ಳಿಗಳಿಗೆ ಕಾರ್ಯಕ್ರಮ ಕಳಿಸಿದರು. ‘ಸೈಟ್’ ಪ್ರಯೋಗ ಎನ್ನುತ್ತಿದ್ದದ್ದು ಅದನ್ನೇ. ನಮ್ಮ ರಾಜ್ಯದಲ್ಲಿ ಅದು ಸಿಕ್ಕಿದ್ದು ಗುಲ್ಬರ್ಗ, ರಾಯಚೂರು, ಬಿಜಾಪುರ ಕಡೆಯ ಹಳ್ಳಿಗಳಿಗೆ. ಬೆಳಿಗ್ಗೆ ಶಾಲಾ ಮಕ್ಕಳಿಗೆ ಪಾಠ, ಸಂಜೆ ಊರವರಿಗೆ ಬೇಸಾಯ, ಆರೋಗ್ಯ. 1977ರಲ್ಲಿ ಗುಲ್ಬರ್ಗದಲ್ಲಿ ದೂರದರ್ಶನ ಕೇಂದ್ರ ಬಂತು, ಬೆಂಗಳೂರಿಗೆ ಬಂದದ್ದು 1981ರಲ್ಲಿ. ಹಳ್ಳಿ ಮೊದಲು, ರಾಜಧಾನಿ ಆಮೇಲೆ. ನಮ್ಮ ರಾಜ್ಯದ ಪ್ರಸಾರದ ಚರಿತ್ರೆಯಲ್ಲಿ ಹೀಗೆ ಆದದ್ದು ಅದೊಂದೇ ಸಲ ಇರಬೇಕು.

ಮಲೆನಾಡಿಗೆ ಎರಡೂ ಸರಿಯಾಗಿ ಸಿಗಲಿಲ್ಲ. ಎಂಬತ್ತರ ದಶಕದಲ್ಲಿ ದೇಶದಾದ್ಯಂತ ಕಡಿಮೆ ಶಕ್ತಿಯ ಮರುಪ್ರಸಾರ ಕೇಂದ್ರಗಳನ್ನು ಹಾಕಿದರು. ಬಯಲುಸೀಮೆಯಲ್ಲಾದರೆ ಅಂಥ ಕೇಂದ್ರ ಇಪ್ಪತ್ತು ಕಿಲೋಮೀಟರಿನವರೆಗೆ ಕೆಲಸ ಮಾಡಬಹುದು. ನಮ್ಮಲ್ಲಿ ನಡುವೆ ಒಂದು ಗುಡ್ಡ ಬಂದರೆ ಅಲ್ಲಿಗೆ ಮುಗಿಯಿತು. ಅಡಿಕೆ ಮರದ ದಬ್ಬೆಯನ್ನೋ ಸಿಲ್ವರ್ ಮರದ ಕಂಬವನ್ನೋ ಹುಗಿದು, ಅದರ ತುದಿಗೆ ಆಂಟೆನಾ ಕಟ್ಟಿ, ಬೂಸ್ಟರ್ ಹಾಕಿ, ಒಬ್ಬರು ಅಂಗಳದಲ್ಲಿ ಕಂಬ ತಿರುಗಿಸುವುದು, ಇನ್ನೊಬ್ಬರು ಜಗಲಿಯಿಂದ “ಬಂತು, ಬಂತು... ಹೋಯ್ತು” ಎಂದು ಕೂಗುವುದು ಆ ತಲೆಮಾರಿನವರಿಗೆಲ್ಲ ಗೊತ್ತು.

ಆ ಮರುಪ್ರಸಾರ ಕೇಂದ್ರಗಳು ಉಪಗ್ರಹದಿಂದ ಇಳಿಸಿಕೊಂಡು ಕೊಡುತ್ತಿದ್ದದ್ದು ಬಹುಪಾಲು ದೆಹಲಿಯದ್ದನ್ನು. ಹಾಗಾಗಿ ‘ರಾಮಾಯಣ’, ‘ಮಹಾಭಾರತ’ಗಳನ್ನು ನಾವು ಹಿಂದಿಯಲ್ಲಿ ನೋಡಿದೆವು, ಕಥೆ ಗೊತ್ತಿದ್ದದ್ದರಿಂದ ಅರ್ಥವಾಯಿತು. ಇದರಲ್ಲಿ ಒಂದು ತಮಾಷೆಯೂ ಇದೆ. 1986ರಿಂದ ಬಂದ ಶಂಕರ್‌ನಾಗ್ ಅವರ ‘ಮಾಲ್ಗುಡಿ ಡೇಸ್’ ಚಿತ್ರೀಕರಣ ನಡೆದದ್ದು ನಮ್ಮ ಪಕ್ಕದ ಆಗುಂಬೆಯಲ್ಲಿ. ನಮ್ಮಂಥದೇ ಹೆಂಚಿನ ಮನೆ, ನಮ್ಮದೇ ಮಳೆ, ನಮ್ಮದೇ ಜಗಲಿ. ಆ ಜಗಲಿಯ ಮೇಲೆ ಕೂತವರು ಮಾತಾಡುತ್ತಿದ್ದದ್ದು ಮಾತ್ರ ಹಿಂದಿ. ಮಲೆನಾಡು ಟಿ.ವಿ.ಯಲ್ಲಿ ಮೊದಲು ಕಾಣಿಸಿಕೊಂಡದ್ದು ಬೇರೆ ಭಾಷೆಯಲ್ಲಿ.

ಆಮೇಲೆ 1994 ಬಂತು. ಆ ವರ್ಷವನ್ನು ನಾನು ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ಒಂದಕ್ಕೊಂದು ಸಂಬಂಧವಿಲ್ಲದ ಮೂರು ಸಂಗತಿಗಳು ಕೆಲವೇ ವಾರಗಳ ಅಂತರದಲ್ಲಿ ನಡೆದವು.

ಮೊದಲನೆಯದು ಅಮೆರಿಕದಲ್ಲಿ. ಅಲ್ಲಿನ ಟಿ.ವಿ. ವ್ಯವಸ್ಥೆಯೇ ಬೇರೆ. ಪ್ರತಿ ನಗರಕ್ಕೂ ಅದರದ್ದೇ ಸ್ಟೇಷನ್ನುಗಳು, ಅವಕ್ಕೆ ಅವುಗಳದ್ದೇ ಮಾಲೀಕರು, ಗೋಪುರ, ಸ್ಟುಡಿಯೊ, ವಾರ್ತೆ ಓದುವವರು. ಸಿಬಿಎಸ್, ಎನ್‌ಬಿಸಿ, ಎಬಿಸಿ ಎಂಬ ದೊಡ್ಡ ಜಾಲಗಳು ರಾತ್ರಿಯ ನಾಟಕ, ಆಟೋಟ ಕೊಡುತ್ತವೆ. ಸ್ಟೇಷನ್ನು ಒಪ್ಪಂದದ ಮೇಲೆ ಅವನ್ನು ಪ್ರಸಾರ ಮಾಡುತ್ತದೆ. ಫಾಕ್ಸ್ ಎಂಬ ಹೊಸ ಜಾಲ 1993ರ ಡಿಸೆಂಬರ್‌ನಲ್ಲಿ ನಾಲ್ಕು ವರ್ಷಕ್ಕೆ 158 ಕೋಟಿ ಡಾಲರ್ ಕೊಟ್ಟು, ಸಿಬಿಎಸ್ ಕೈಯಲ್ಲಿ ದಶಕಗಳಿಂದ ಇದ್ದ ಫುಟ್‌ಬಾಲ್ ಪ್ರಸಾರದ ಹಕ್ಕನ್ನು ಕಿತ್ತುಕೊಂಡಿತು. ಆಟ ಸಿಕ್ಕಿತು, ಅದನ್ನು ತೋರಿಸಲು ಒಳ್ಳೆಯ ಸ್ಟೇಷನ್ನು ಬೇಕಲ್ಲ? 1994ರ ಮೇ ತಿಂಗಳಲ್ಲಿ ನ್ಯೂ ವರ್ಲ್ಡ್ ಎಂಬ ಕಂಪನಿಗೆ 50 ಕೋಟಿ ಡಾಲರ್ ಹೂಡಿ, ಅದರ ಹನ್ನೆರಡು ಸ್ಟೇಷನ್ನುಗಳನ್ನು ಫಾಕ್ಸ್ ತನ್ನ ಕಡೆಗೆ ತಿರುಗಿಸಿಕೊಂಡಿತು. ಡೆಟ್ರಾಯಿಟ್ ನಗರದಲ್ಲಿ ತನ್ನ ಹಳೆಯ ಸ್ಟೇಷನ್ನು ಕಳೆದುಕೊಂಡ ಸಿಬಿಎಸ್‌ಗೆ ಬೇರೆ ಯಾರೂ ಸಿಗದೆ, ಕೊನೆಗೆ 62ನೇ ನಂಬರಿನ ಒಂದು ಸಣ್ಣ ಸ್ಟೇಷನ್ನನ್ನು ಕೊಂಡುಕೊಳ್ಳಬೇಕಾಯಿತು. ಅಮೆರಿಕದ ಮುಖ್ಯಭೂಮಿಯಲ್ಲಿ ಕಪ್ಪು ಜನರ ಒಡೆತನದ ಮೊದಲ ಟಿ.ವಿ. ಸ್ಟೇಷನ್ನು ಅದು, 1975ರಲ್ಲಿ ಶುರುವಾದದ್ದು. ದೊಡ್ಡವರ ಜಗಳದಲ್ಲಿ ಆ ಗುರುತು ಹೋಯಿತು.

ಎರಡನೆಯದು ನಮ್ಮಲ್ಲಿ. 1994ರ ಜೂನ್ 1ರಂದು ಸನ್ ಸಮೂಹದ ‘ಉದಯ ಟಿವಿ’ ಶುರುವಾಯಿತು, ಉಪಗ್ರಹದಿಂದ ಬಂದ ಮೊದಲ ಖಾಸಗಿ ಕನ್ನಡ ಚಾನೆಲ್. ಅದೇ ವರ್ಷಗಳಲ್ಲಿ ದೂರದರ್ಶನವೂ ಭಾಷೆಗೊಂದರಂತೆ ಉಪಗ್ರಹ ಚಾನೆಲ್ ತೆರೆದು ಕನ್ನಡದ್ದಕ್ಕೆ ‘ಡಿಡಿ-9’ ಎಂದು ಕರೆಯಿತು.

ಮೂರನೆಯದು ಬ್ರೆಜಿಲ್‌ನಲ್ಲಿ. ಆ ಜೂನ್ ಕೊನೆಯಲ್ಲಿ, ಮತ್ತೆ ಜುಲೈನಲ್ಲಿ, ಅಲ್ಲಿನ ಕಾಫಿ ಸೀಮೆಯ ಮೇಲೆ ಹಿಮ ಬಿದ್ದು ಗಿಡಗಳು ಕರಕಲಾದವು. ಜಗತ್ತಿನ ಕಾಫಿ ದರ ಒಮ್ಮೆಲೇ ಮೇಲಕ್ಕೆ ಹೋಯಿತು. ಕಾಫಿ ಮಂಡಳಿಯ ಪೂಲಿನ ಹಿಡಿತ ಸಡಿಲವಾಗುತ್ತಿದ್ದ ಕಾಲವೂ ಅದೇ. 1996ರ ಹೊತ್ತಿಗೆ ಎಲ್ಲ ಬೆಳೆಗಾರರೂ ತಮ್ಮ ಕಾಫಿಯನ್ನು ತಾವೇ ಮಾರುವಂತಾಯಿತು. ಆ ಎರಡು ಮೂರು ವರ್ಷ ಈ ಗುಡ್ಡಗಳಲ್ಲಿ ದುಡ್ಡು ಓಡಾಡಿದ್ದನ್ನು ಹಿರಿಯರು ಬಲ್ಲರು. ಕೆಲವರು ಜೀಪು ಕೊಂಡರು, ಕೆಲವರು ಮನೆ ಕಟ್ಟಿದರು. ಅಂಗಳದಲ್ಲಿ ನೀರಿನ ತೊಟ್ಟಿಯಷ್ಟು ಅಗಲದ ಡಿಶ್ ಎದ್ದು ನಿಂತದ್ದೂ ಆಗಲೇ. ಬ್ರೆಜಿಲ್‌ನ ಹಿಮಕ್ಕೂ ಕನ್ನಡ ಧಾರಾವಾಹಿಗೂ ಏನು ಸಂಬಂಧ ಎಂದು ಹೊರಗಿನವರು ಕೇಳಬಹುದು, ಕಾಫಿ ಬೆಳೆಯುವವರು ಕೇಳುವುದಿಲ್ಲ.

ಅಲ್ಲಿಂದ ಮುಂದೆ ಹೆಸರುಗಳ ಜಾತ್ರೆ. ಡಿಡಿ-9 ಎಂಬ ಒಣ ನಂಬರು ಹೋಗಿ ‘ಚಂದನ’ ಬಂತು. ನನ್ನ ಮಟ್ಟಿಗೆ ಈ ಎಲ್ಲ ಬದಲಾವಣೆಗಳಲ್ಲಿ ಸುಧಾರಣೆ ಎನ್ನಬಹುದಾದದ್ದು ಇದೊಂದೇ. ‘ಮಾಯಾಮೃಗ’ ಬಂದದ್ದು ದೂರದರ್ಶನದಲ್ಲಿ. 2002ರಲ್ಲಿ ಶುರುವಾದ ‘ಥಟ್ ಅಂತ ಹೇಳಿ’ ಸಾವಿರಾರು ಕಂತು ದಾಟಿತು, ಪುಸ್ತಕವನ್ನೇ ಬಹುಮಾನವಾಗಿ ಕೊಡುವ ಆ ಕಾರ್ಯಕ್ರಮವನ್ನು ನಮ್ಮ ಶಾಲೆಯ ಎಷ್ಟೋ ಮಕ್ಕಳು ನೋಟ್ ಪುಸ್ತಕ ಹಿಡಿದು ನೋಡಿದ್ದಾರೆ. ಉದಯದ ತಂಗಿ ‘ಉಷೆ’ ಹೆಸರು ಕಳೆದುಕೊಂಡು ‘ಉದಯ ಮೂವೀಸ್’ ಆಯಿತು. ಉದಯದ ಜೊತೆಗೆ ಉಷೆ ಎಂದಿಟ್ಟವರಿಗೆ ಕನ್ನಡ ಗೊತ್ತಿತ್ತು. ಆಮೇಲೆ ಮೂವೀಸ್ ಎಂದು ಮಾಡಿದವರಿಗೆ ಮಾರುಕಟ್ಟೆ ಗೊತ್ತಿತ್ತು.

ಈಟಿವಿಯ ಕಥೆ ಬಿಡಿಸಿ ಹೇಳುವಂಥದ್ದು. 2000ದ ಡಿಸೆಂಬರ್‌ನಲ್ಲಿ ಹೈದರಾಬಾದಿನ ಈನಾಡು ಸಮೂಹದ ರಾಮೋಜಿರಾವ್ ಅವರು ‘ಈಟಿವಿ ಕನ್ನಡ’ ತೆರೆದರು. ಟಿ.ಎನ್. ಸೀತಾರಾಮ್ ಅವರ ‘ಮನ್ವಂತರ’, ‘ಮುಕ್ತ’ ಬಂದದ್ದು ಅಲ್ಲಿ. ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರ ‘ಎದೆ ತುಂಬಿ ಹಾಡುವೆನು’ ಬಂದದ್ದೂ ಅಲ್ಲೇ. ಹಳ್ಳಿಯ ಮಕ್ಕಳು ಅಂಥ ವೇದಿಕೆಯಲ್ಲಿ ನಿಂತು ಹಾಡಬಹುದು ಎಂಬ ಆಸೆ ಹುಟ್ಟಿದ್ದು ಆ ಕಾರ್ಯಕ್ರಮದಿಂದ. ನಮ್ಮ ಶಾಲೆಯ ಪ್ರತಿಭಾ ಕಾರಂಜಿಯಲ್ಲಿ ಭಾವಗೀತೆಗೆ ಹೆಸರು ಕೊಡುವವರ ಸಾಲು ಉದ್ದವಾದದ್ದಕ್ಕೆ ಅದೂ ಒಂದು ಕಾರಣ ಇರಬಹುದು. ಮುಂದೆ ಈನಾಡು ಸಮೂಹ ತನ್ನ ತೆಲುಗು ಮನರಂಜನೆಯ ಈಟಿವಿಯನ್ನು ತನ್ನ ಕೈಯಲ್ಲೇ ಉಳಿಸಿಕೊಂಡು, ಕನ್ನಡವೂ ಸೇರಿದಂತೆ ಬೇರೆ ಭಾಷೆಗಳ ಚಾನೆಲ್ಲುಗಳನ್ನು ರಿಲಯನ್ಸ್ ಬೆಂಬಲದ ನೆಟ್‌ವರ್ಕ್18 ಸಮೂಹಕ್ಕೆ ಕೊಟ್ಟಿತು. ತೋಟ ಮಾರಿದರೂ ಮನೆತನದ ಹೆಸರು ಹಳೆಯ ಮನೆಯವರದ್ದೇ ತಾನೆ. 2015ರಲ್ಲಿ ಕನ್ನಡ, ಮರಾಠಿ, ಬಂಗಾಳಿ, ಗುಜರಾತಿ, ಒಡಿಯಾ ಐದೂ ಚಾನೆಲ್ಲುಗಳು ‘ಕಲರ್ಸ್’ ಆದವು. ‘ಪುಟ್ಟಗೌರಿ ಮದುವೆ’, ‘ಅಗ್ನಿಸಾಕ್ಷಿ’ ನೋಡುತ್ತಿದ್ದವರು ಈಟಿವಿಯಲ್ಲಿ ಶುರುಮಾಡಿ ಕಲರ್ಸ್‌ನಲ್ಲಿ ಮುಗಿಸಿದರು. ಮೂಲೆಯ ಚಿಹ್ನೆ ಬದಲಾಯಿತು, ಸೊಸೆಯ ಕಣ್ಣೀರು ಬದಲಾಗಲಿಲ್ಲ.

ಇದಕ್ಕೆ ಆರು ತಿಂಗಳು ಮೊದಲು, 2014ರ ನವೆಂಬರ್ 1ರಂದು, ಸರ್ಕಾರ ನಮ್ಮ ಜಿಲ್ಲಾ ಕೇಂದ್ರವೂ ಸೇರಿ ಹನ್ನೆರಡು ಊರುಗಳ ಇಂಗ್ಲಿಷ್ ಹೆಸರನ್ನು ಕನ್ನಡದ ಉಚ್ಚಾರಣೆಗೆ ತಂದಿತ್ತು. ಚಿಕ್ಕಮಗಳೂರು ನಮಗೆ ಎಂದೂ ಚಿಕ್ಕಮಗಳೂರೇ. ಊರಿನ ಹೆಸರು ಕನ್ನಡದ ಕಡೆಗೆ ಬಂದ ಹೊತ್ತಿಗೆ ಚಾನೆಲ್ಲಿನ ಹೆಸರು ಇಂಗ್ಲಿಷಿನ ಕಡೆಗೆ ಹೊರಟಿತ್ತು.

ಸುವರ್ಣ ಇನ್ನೂ ತೊಡಕಿನದ್ದು. 2007ರಲ್ಲಿ ಕೇರಳದ ಏಷ್ಯಾನೆಟ್‌ನವರು ತೆರೆದರು. ಮರುವರ್ಷ ಮನರಂಜನೆಯ ಚಾನೆಲ್ ಸ್ಟಾರ್ ಸಮೂಹದ ಹಿಡಿತಕ್ಕೆ ಹೋಯಿತು, 2016ರಲ್ಲಿ ‘ಸ್ಟಾರ್ ಸುವರ್ಣ’ ಆಯಿತು. ಸುದ್ದಿಯ ಸುವರ್ಣ ಬೇರೆಯವರಲ್ಲೇ ಉಳಿಯಿತು. ಒಂದೇ ಹೆಸರು, ಎರಡು ಮನೆ, ಅಣ್ಣತಮ್ಮಂದಿರು ಹಿಸ್ಸೆ ಮಾಡಿಕೊಂಡ ಹಾಗೆ. ‘ಬಿಗ್‌ಬಾಸ್’ ಎಂಬ ಕಾರ್ಯಕ್ರಮವಂತೂ ಮೊದಲ ಸಲ 2013ರಲ್ಲಿ ಈಟಿವಿಯಲ್ಲಿ, ಎರಡನೆಯ ಸಲ 2014ರಲ್ಲಿ ಸುವರ್ಣದಲ್ಲಿ, ಮೂರನೆಯ ಸಲ 2015ರಲ್ಲಿ ಕಲರ್ಸ್‌ನಲ್ಲಿ ಬಂತು. ನಡೆಸಿಕೊಟ್ಟವರು ಮೂರೂ ಸಲ ಸುದೀಪ್ ಅವರೇ. ಜನ ಚಾನೆಲ್ಲಿನ ಹಿಂದೆ ಹೋಗಲಿಲ್ಲ, ಸುದೀಪ್ ಹಿಂದೆ ಹೋದರು. 2024ರ ನವೆಂಬರ್‌ನಲ್ಲಿ ಸ್ಟಾರ್ ಮತ್ತು ವಯಾಕಾಮ್18 ಕೂಡಿ ಜಿಯೋಸ್ಟಾರ್ ಆದ ಮೇಲೆ ಕಲರ್ಸ್ ಕನ್ನಡವೂ ಸ್ಟಾರ್ ಸುವರ್ಣವೂ ಒಂದೇ ಮನೆಯವು. ಅಷ್ಟು ವರ್ಷ ಒಂದೇ ಗಂಟೆಗೆ ಒಂದರ ಎದುರು ಇನ್ನೊಂದು ಧಾರಾವಾಹಿ ಹಾಕಿ ಸೆಣಸಿದ ಚಾನೆಲ್ಲುಗಳಿವು.

ಇಲ್ಲಿಗೆ ಬಂದಾಗ ಅಮೆರಿಕದ ಮಾತನ್ನು ಮತ್ತೆ ಎತ್ತಬೇಕು. ಅಲ್ಲಿ ಹನ್ನೆರಡು ಸ್ಟೇಷನ್ನು ಜಾಲ ಬದಲಾಯಿಸಿದಾಗ ಏನಾಯಿತು? ಚಿಹ್ನೆ ಹೋಯಿತು, ಹೆಸರು ಹೋಯಿತು, ರಾತ್ರಿಯ ನಾಟಕಗಳು ಬೇರೆ ನಂಬರಿಗೆ ಹೋದವು. ಆದರೆ ಡೆಟ್ರಾಯಿಟ್‌ನ ವಾರ್ತೆ ಡೆಟ್ರಾಯಿಟ್‌ನಿಂದಲೇ ಬರುತ್ತಿತ್ತು. ಫಾಕ್ಸ್ ಆಗ ರಾತ್ರಿ ಎರಡೇ ಗಂಟೆಯ ಕಾರ್ಯಕ್ರಮ ಕೊಡುತ್ತಿದ್ದುದರಿಂದ, ಉಳಿದ ಹೊತ್ತನ್ನು ತುಂಬಲು ಆ ಸ್ಟೇಷನ್ನುಗಳು ಊರ ಸುದ್ದಿಯನ್ನು ಮೊದಲಿಗಿಂತ ಹೆಚ್ಚು ಮಾಡಿದವು. ಮೇಲಿನ ಬೋರ್ಡು ಬದಲಾದರೂ ಕೆಳಗಿನ ಅಂಗಡಿ ಊರಿನದ್ದೇ. ನಮ್ಮಲ್ಲಿ ಬೋರ್ಡಿನ ಕೆಳಗೆ ಅಂಗಡಿಯೇ ಇಲ್ಲ. ಕನ್ನಡ ಚಾನೆಲ್ಲುಗಳಿಗೆ ಬೆಂಗಳೂರಿನಲ್ಲಿ ಸ್ಟುಡಿಯೊ, ಮುಂಬೈಯಲ್ಲೋ ಚೆನ್ನೈಯಲ್ಲೋ ಹೈದರಾಬಾದಿನಲ್ಲೋ ಯಜಮಾನರು, ಆಕಾಶದಲ್ಲಿ ಉಪಗ್ರಹ. ಮೂಡಿಗೆರೆಗೆ ಒಂದು ಸ್ಟೇಷನ್ನು ಎಂದೂ ಇರಲಿಲ್ಲ, ಆದ್ದರಿಂದ ಹೆಸರು ಬದಲಾದಾಗ ನಾವು ಕಳೆದುಕೊಂಡದ್ದೂ ಇಲ್ಲ. ಈ ಎರಡನೆಯ ಮಾತು ನನಗೆ ಬಹಳ ದಿನ ಸಮಾಧಾನ ಕೊಟ್ಟಿತ್ತು.

2019ರ ಆಗಸ್ಟ್ ಆ ಸಮಾಧಾನವನ್ನು ಕೆಡಿಸಿತು. ಮೂಡಿಗೆರೆ ತಾಲ್ಲೂಕಿನ ಮಲೆಮನೆ ಮತ್ತು ಸುತ್ತಲಿನ ಊರುಗಳಲ್ಲಿ ಗುಡ್ಡ ಕುಸಿದು, ಮನೆ ತೋಟ ಕೊಚ್ಚಿಹೋದ ದಿನಗಳು. ಡಿಟಿಎಚ್‌ನ ಚಿಕ್ಕ ಡಿಶ್ ಹಿಡಿಯುವುದು ಕೆಯು ಬ್ಯಾಂಡ್ ಎಂಬ ಹೆಚ್ಚಿನ ಕಂಪನಾಂಕದ ಅಲೆಯನ್ನು. ಹಳೆಯ ದೊಡ್ಡ ಡಿಶ್‌ನ ಸಿ ಬ್ಯಾಂಡ್ ಅಲೆಗಿಂತ ಅದನ್ನು ಮಳೆಹನಿಗಳು ಹೆಚ್ಚು ಹೀರುತ್ತವೆ. ಜೋರು ಮಳೆ ಹಿಡಿದರೆ ಪರದೆಯ ಮೇಲೆ ‘ಸಿಗ್ನಲ್ ಇಲ್ಲ’ ಎಂಬ ನೀಲಿ ಪಟ್ಟಿ. ಅಂದರೆ ಮಲೆನಾಡಿಗೆ ಸುದ್ದಿ ಅತ್ಯಂತ ಬೇಕಾದ ಹೊತ್ತಿನಲ್ಲೇ ಅದು ನಿಲ್ಲುತ್ತದೆ. ಸಿಕ್ಕ ಕಡೆಯಲ್ಲೂ ಬೆಂಗಳೂರಿನ ಸ್ಟುಡಿಯೊದಿಂದ ‘ಮಲೆನಾಡಿನಲ್ಲಿ ಮಳೆಯ ಅಬ್ಬರ’ ಎಂದು ಹೇಳುತ್ತಿದ್ದರು. ನಮಗೆ ಬೇಕಾಗಿದ್ದದ್ದು ಯಾವ ರಸ್ತೆ ಮುಚ್ಚಿದೆ, ಯಾವ ಸೇತುವೆಯ ಮೇಲೆ ಭದ್ರೆ ಹರಿಯುತ್ತಿದ್ದಾಳೆ, ಶಾಲೆಗೆ ರಜೆಯೋ ಇಲ್ಲವೋ ಎಂಬುದು. ಅದನ್ನು ಹೇಳುವ ಕೆಲಸ ಬಸ್ಸಿನವರದ್ದು, ಲೈನ್‌ಮನ್‌ಗಳದ್ದು, ಸಿಗ್ನಲ್ ಇದ್ದ ಹೊತ್ತಿನಲ್ಲಿ ವಾಟ್ಸಾಪಿನದ್ದು. ಅರ್ಧ ನಿಜ, ಅರ್ಧ ಗಾಳಿಮಾತು.

ನಮಗೆ ಸ್ಟೇಷನ್ನೇ ಇರಲಿಲ್ಲ ಎಂದೆನಲ್ಲ, ಅದಕ್ಕೆ ಒಂದು ತಿದ್ದುಪಡಿ ಸೇರಿಸಬೇಕು. ತೊಂಬತ್ತರ ದಶಕದಲ್ಲಿ ನಮ್ಮ ಪೇಟೆಗಳಲ್ಲಿ ಕೇಬಲ್ ಬಂತು. ಕೇಬಲಿನವರು ಡಿಶ್‌ನಿಂದ ಚಾನೆಲ್ಲುಗಳನ್ನು ಹಿಡಿದು ತಂತಿಯಲ್ಲಿ ಮನೆಮನೆಗೆ ಕೊಡುತ್ತಿದ್ದರು, ಜೊತೆಗೆ ಒಂದು ಚಾನೆಲ್ಲನ್ನು ತಮಗಾಗಿ ಇಟ್ಟುಕೊಳ್ಳುತ್ತಿದ್ದರು. ರಾತ್ರಿ ಒಂದು ಸಿನಿಮಾ, ನಡುವೆ ಬಟ್ಟೆ ಅಂಗಡಿಯ ಜಾಹೀರಾತು. ಆದರೆ ಅದರಲ್ಲೇ ಕಳಸೇಶ್ವರನ ರಥೋತ್ಸವ, ಗಣಪತಿ ವಿಸರ್ಜನೆ, ಯಕ್ಷಗಾನ, ಪಂಚಾಯಿತಿ ಚುನಾವಣೆಯ ಎಣಿಕೆ, ಶಾಲಾ ವಾರ್ಷಿಕೋತ್ಸವ. ಕ್ಯಾಮೆರಾ ಕೈ ನಡುಗುತ್ತಿತ್ತು, ಧ್ವನಿ ಕೀಚಲು. ಆದರೂ ಕೋಲಾಟದ ಸಾಲಿನಲ್ಲಿ ತನ್ನ ಮಗಳು ಟಿ.ವಿ.ಯಲ್ಲಿ ಕಾಣುತ್ತಾಳೆ ಎಂದು ಕೇಬಲ್ ಇಲ್ಲದ ತಾಯಿ ಪೇಟೆಯ ನೆಂಟರ ಮನೆಗೆ ಬಂದು ಕೂರುತ್ತಿದ್ದರು. ಅಮೆರಿಕದವರು ಸ್ಥಳೀಯ ಸ್ಟೇಷನ್ನು ಎನ್ನುವುದು ನಮ್ಮಲ್ಲಿ ಇದ್ದರೆ ಅದು ಇದೇ ಆಗಿತ್ತು. ಅದನ್ನು ಯಾರೂ ಚರಿತ್ರೆ ಎಂದು ಎಣಿಸಲಿಲ್ಲ, ನಡೆಸುತ್ತಿದ್ದವರೂ ಎಣಿಸಲಿಲ್ಲ.

ಜಾಲ ಬದಲಾವಣೆಯೂ ಅವರಿಗೆ ಬಂತು, ಬಹಳ ಸದ್ದಿಲ್ಲದೆ. 2011ರ ಕಾಯ್ದೆ ತಿದ್ದುಪಡಿಯಿಂದ ಕೇಬಲ್ಲೆಲ್ಲ ಡಿಜಿಟಲ್ ಆಗಬೇಕಾಯಿತು. ಮೊದಲು ಮಹಾನಗರ, ಆಮೇಲೆ ದೊಡ್ಡ ಊರು, ಕೊನೆಯ ಹಂತದ ಗ್ರಾಮೀಣ ಪ್ರದೇಶಕ್ಕೆ 2017ರ ಮಾರ್ಚ್ 31 ಗಡುವು. ಡಿಜಿಟಲ್ ಹೆಡ್‌ಎಂಡ್ ಹಾಕುವ ಬಂಡವಾಳ ಸಣ್ಣ ಪೇಟೆಯ ಕೇಬಲಿನವರಿಗೆ ಎಲ್ಲಿಂದ ಬರಬೇಕು? ದೊಡ್ಡ ಕಂಪನಿಯ ಸಿಗ್ನಲ್ ತೆಗೆದುಕೊಂಡು, ಅದರ ಪೆಟ್ಟಿಗೆ ಹಂಚಿ, ತಿಂಗಳ ಹಣ ವಸೂಲಿ ಮಾಡುವವರಾದರು. ತೋಟದ ಒಡೆಯರಾಗಿದ್ದವರು ಅದೇ ತೋಟಕ್ಕೆ ರೈಟರಾದ ಹಾಗೆ. ಒಂಟಿ ಮನೆಗಳವರು ಮೊದಲೇ ಡಿಟಿಎಚ್ ಹಾಕಿಸಿಕೊಂಡಿದ್ದರು. 2004ರ ಡಿಸೆಂಬರ್‌ನಲ್ಲಿ ಶುರುವಾದ ದೂರದರ್ಶನದ ‘ಡಿಡಿ ಡೈರೆಕ್ಟ್ ಪ್ಲಸ್’ ತಿಂಗಳ ಬಾಡಿಗೆ ಇಲ್ಲದ್ದರಿಂದ ಲೈನ್ ಮನೆಗಳಿಗೂ ಬಂದಿತ್ತು. ಅದೂ ಆಮೇಲೆ ಹೆಸರು ಬದಲಿಸಿ ‘ಡಿಡಿ ಫ್ರೀ ಡಿಶ್’ ಆಯಿತು. ಹಳೆಯ ಆಂಟೆನಾ ಹಿಡಿಯುತ್ತಿದ್ದ ದೂರದರ್ಶನದ ಅನಲಾಗ್ ಪ್ರೇಷಕಗಳನ್ನು 2022ರ ಮಾರ್ಚ್ ಒಳಗೆ ದೇಶದಾದ್ಯಂತ ಬಹುಪಾಲು ಮುಚ್ಚಿಬಿಟ್ಟರು. ಅಂಗಳದ ಕಂಬಗಳು ಆಗಲೇ ಬಟ್ಟೆ ಒಣಗಿಸುವ ಹಗ್ಗಕ್ಕೆ ಉಪಯೋಗವಾಗುತ್ತಿದ್ದವು.

ಅಮೆರಿಕದಲ್ಲಿ ಅಟ್ಲಾಂಟಾ ನಗರದ ಡಬ್ಲ್ಯುಎಸ್‌ಬಿ ಎಂಬ ಸ್ಟೇಷನ್ನು ಇದೆ. ಅದು 1980ರಲ್ಲಿ ಎನ್‌ಬಿಸಿ ಬಿಟ್ಟು ಎಬಿಸಿ ಸೇರಿತು. ಆದರೆ ಅದರ ಹಳೆಯ ಸುದ್ದಿ ರೀಲುಗಳು ಹಾಳಾಗದೆ ಜಾರ್ಜಿಯಾ ವಿಶ್ವವಿದ್ಯಾಲಯದ ಸಂಗ್ರಹಕ್ಕೆ ಬಂದವು. ಕಪ್ಪು ಜನರ ನಾಗರಿಕ ಹಕ್ಕುಗಳ ಹೋರಾಟದ ದಿನಗಳಲ್ಲಿ ಅಲ್ಲಿನ ಬೀದಿಗಳಲ್ಲಿ ಏನು ನಡೆಯಿತು ಎಂದು ಇವತ್ತಿನ ವಿದ್ಯಾರ್ಥಿಗಳು ನೋಡುವುದು ಆ ರೀಲುಗಳಲ್ಲಿ. ಯಾವ ಜಾಲದ ಚಿಹ್ನೆ ಮೂಲೆಯಲ್ಲಿತ್ತು ಎಂದು ಅವರು ಕೇಳುವುದಿಲ್ಲ.

ನಮ್ಮ ಕೇಬಲ್ ಚಾನೆಲ್ಲಿನ ರೀಲುಗಳು ಎಂದರೆ ವಿಎಚ್‌ಎಸ್ ಕ್ಯಾಸೆಟ್ಟುಗಳು. ಅವು ಯಾವ ವಿಶ್ವವಿದ್ಯಾಲಯದಲ್ಲೂ ಇಲ್ಲ. ಅಟ್ಟದ ಮೇಲೆ, ಟ್ರಂಕಿನಲ್ಲಿ, ಮದುವೆ ಕ್ಯಾಸೆಟ್ಟಿನ ಜೊತೆ ಇವೆ. ಎಷ್ಟೋ ಕಡೆ ಒಂದರ ಮೇಲೆ ಇನ್ನೊಂದನ್ನು ರೆಕಾರ್ಡು ಮಾಡಿ ಮೊದಲನೆಯದು ಅಳಿಸಿಹೋಗಿದೆ. ಉಳಿದವನ್ನು ನಮ್ಮ ಮಳೆಗಾಲ ತಿನ್ನುತ್ತಿದೆ. ನಾಲ್ಕು ತಿಂಗಳ ತೇವಕ್ಕೆ ಟೇಪಿನ ಮೇಲೆ ಬಿಳಿಯ ಬೂಷ್ಟು ಕೂರುತ್ತದೆ. ಅವನ್ನು ಓಡಿಸುವ ವಿಸಿಆರ್ ಯಂತ್ರಗಳನ್ನು ತಯಾರಿಸುತ್ತಿದ್ದ ಕೊನೆಯ ಕಂಪನಿ, ಜಪಾನಿನ ಫುನಾಯ್, 2016ರ ಜುಲೈನಲ್ಲಿ ನಿಲ್ಲಿಸಿತು. ಈಗ ಸಿಗುವುದು ಹಳೆಯವು, ರಿಪೇರಿ ಬಲ್ಲವರು ಬೆರಳೆಣಿಕೆ.

ಆದ್ದರಿಂದ ಈ ಸಂಚಿಕೆ ಓದುವ ಹಳೆಯ ವಿದ್ಯಾರ್ಥಿಗಳಲ್ಲಿ, ಊರವರಲ್ಲಿ ಒಂದು ಕೋರಿಕೆ. ನಿಮ್ಮ ಮನೆಯಲ್ಲಿ ಶಾಲಾ ವಾರ್ಷಿಕೋತ್ಸವದ, ಜಾತ್ರೆಯ, ಊರ ಸಭೆಯ, ಹಳೆಯ ಮೇಷ್ಟ್ರ ಬೀಳ್ಕೊಡುಗೆಯ ಕ್ಯಾಸೆಟ್ಟು ಇದ್ದರೆ ಎಸೆಯಬೇಡಿ. ಬೂಷ್ಟು ಹಿಡಿದದ್ದನ್ನು ಯಂತ್ರಕ್ಕೆ ಹಾಕಿ ನೋಡಲೂ ಬೇಡಿ, ಟೇಪೂ ಹರಿಯುತ್ತದೆ, ಯಂತ್ರದ ಹೆಡ್ಡೂ ಕೆಡುತ್ತದೆ. ಒಣ ಬಟ್ಟೆಯಲ್ಲಿ ಸುತ್ತಿ, ಪುಸ್ತಕ ನಿಲ್ಲಿಸಿದ ಹಾಗೆ ನಿಲ್ಲಿಸಿ, ಒಲೆಯ ಹೊಗೆ ತಾಗದ ಒಣ ಬೀರುವಿನಲ್ಲಿ ಇಡಿ. ಮೇಲೆ ಒಂದು ಚೀಟಿ ಅಂಟಿಸಿ: ಯಾವ ವರ್ಷ, ಯಾವ ಸಮಾರಂಭ, ಯಾರು ಚಿತ್ರೀಕರಿಸಿದ್ದು. ಮಳೆ ಶುರುವಾಗುವ ಮೊದಲು ಶಾಲೆಯ ಕಚೇರಿಗೆ ತಂದುಕೊಟ್ಟರೆ ಒಟ್ಟಾಗಿ ಕಂಪ್ಯೂಟರಿಗೆ ಇಳಿಸಿ, ಮೂಲ ಕ್ಯಾಸೆಟ್ಟನ್ನು ನಿಮಗೇ ಹಿಂತಿರುಗಿಸುವ ಏರ್ಪಾಡು ಮಾಡೋಣ. ಕೇಬಲ್ ನಡೆಸಿದವರ ಮನೆಯ ಅಟ್ಟದಿಂದಲೇ ಶುರುಮಾಡುವುದು ಒಳ್ಳೆಯದು ಎಂದು ನನಗೆ ತೋರುತ್ತದೆ.